ವೆಸ್ಟ್ ಬ್ರಾಂಚ್ ಡೆಲವೇರ್‌ನಲ್ಲಿ ವಸಂತದ ಟ್ರೌಟ್: ಡ್ರೈ ಫ್ಲೈ ಹಿಡಿದು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಗರಿ, ಕೂದಲಿನಿಂದ ಕಟ್ಟಿದ ನಕಲಿ ಹುಳ (ಫ್ಲೈ) ಬಳಸಿ ಮೀನು ಹಿಡಿಯುವುದು ಫ್ಲೈ ಫಿಶಿಂಗ್; ನೀರಿನ ಮೇಲೆ ತೇಲುವ ಫ್ಲೈಗೆ ಡ್ರೈ ಫ್ಲೈ ಅನ್ನುತ್ತಾರೆ. ಅಮೆರಿಕದ ಈಶಾನ್ಯ ಭಾಗದಲ್ಲಿ ಫ್ಲೈ ಫಿಶಿಂಗ್ ಮಾಡುವವರ ನಡುವೆ ಕಷ್ಟದ ನದಿಯ ಮಾತು ಎದ್ದರೆ ವೆಸ್ಟ್ ಬ್ರಾಂಚ್ ಡೆಲವೇರ್ ಹೆಸರು ಬಂದೇ ಬರುತ್ತದೆ. ನ್ಯೂಯಾರ್ಕ್ ರಾಜ್ಯದ ಕ್ಯಾನನ್ಸ್‌ವಿಲ್ ಅಣೆಕಟ್ಟಿನ ಬುಡದಿಂದ ಹ್ಯಾನ್‌ಕಾಕ್ ಊರಿನ ತನಕ ಸುಮಾರು 18 ಮೈಲಿ ಹರಿಯುವ ನದಿ ಇದು. ಹ್ಯಾನ್‌ಕಾಕ್ ಹತ್ತಿರ ಈಸ್ಟ್ ಬ್ರಾಂಚ್ ಬಂದು ಸೇರಿ ದೊಡ್ಡ ಡೆಲವೇರ್ ಆಗುತ್ತದೆ. ಇಲ್ಲಿನ ಬ್ರೌನ್ ಟ್ರೌಟ್, ರೇನ್‌ಬೋ ಟ್ರೌಟ್ ಹೆಚ್ಚಿನವು ನದಿಯಲ್ಲೇ ಹುಟ್ಟಿ ಬೆಳೆದವು. ನೀರು ತಣ್ಣಗೆ, ತಿಳಿಯಾಗಿ, ನಿಧಾನಕ್ಕೆ ಹರಿಯುತ್ತದೆ. ಮೀನಿಗೆ ನೋಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಕಷ್ಟ ಇರುವುದೇ ಅಲ್ಲಿ.

ಇಲ್ಲಿ ಮೀನು ಕಚ್ಚದಿದ್ದರೆ ಬಹಳ ಜನ ಫ್ಲೈ ಬದಲಾಯಿಸುತ್ತಾರೆ. ಮತ್ತೆ ಬದಲಾಯಿಸುತ್ತಾರೆ. ಡಬ್ಬಿ ಖಾಲಿಯಾಗುತ್ತದೆ, ಮೀನು ಮಾತ್ರ ಪಕ್ಕದಲ್ಲೇ ಹುಳ ತಿನ್ನುತ್ತಾ ಇರುತ್ತದೆ. ನನ್ನ ಪ್ರಕಾರ ಮೊದಲು ಬದಲಾಯಿಸಬೇಕಾದ್ದು ನಿಂತ ಜಾಗ. ಸರಿಯಾದ ಕಡೆ ನಿಂತು, ಮೊದಲ ಸಲವೇ ಸೆಳವಿಗೆ ತಕ್ಕಂತೆ ಫ್ಲೈ ತೇಲಿಸಿದರೆ, ಹತ್ತಿರ ಹತ್ತಿರದ ಬಣ್ಣ, ಗಾತ್ರ ಇದ್ದರೂ ಮೀನು ತೆಗೆದುಕೊಳ್ಳುತ್ತದೆ. ಕೆಳಗಿನ ಹಂತಗಳನ್ನೆಲ್ಲ ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಓದಿ.

ಹಂತ 1: ಮನೆ ಬಿಡುವ ಮುಂಚೆ ನೀರಿನ ಲೆಕ್ಕ ನೋಡಿ

ಈ ನದಿಯ ನೀರನ್ನು ಮಳೆ ಎಷ್ಟು ಆಳುತ್ತದೋ, ಅಣೆಕಟ್ಟಿನ ಗೇಟೂ ಅಷ್ಟೇ ಆಳುತ್ತದೆ. ಕ್ಯಾನನ್ಸ್‌ವಿಲ್ ಜಲಾಶಯ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಕೊಡುವ ವ್ಯವಸ್ಥೆಯ ಭಾಗ. 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಂತೆ ನಗರವು ಡೆಲವೇರ್ ಕಣಿವೆಯಿಂದ ದಿನಕ್ಕೆ 80 ಕೋಟಿ ಗ್ಯಾಲನ್ ತನಕ ನೀರು ತೆಗೆದುಕೊಳ್ಳಬಹುದು. ಅದಕ್ಕೆ ಬದಲಾಗಿ ಕೆಳಗೆ ನ್ಯೂಜೆರ್ಸಿಯ ಮಾಂಟಗ್ಯೂ ಹತ್ತಿರ ನದಿಯ ಹರಿವು 1,750 ಸಿಎಫ್‌ಎಸ್‌ಗಿಂತ ಕೆಳಗೆ ಬೀಳದಂತೆ ಜಲಾಶಯಗಳಿಂದ ನೀರು ಬಿಡಬೇಕು. ಸಿಎಫ್‌ಎಸ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬ ಲೆಕ್ಕ. ಒಂದು ಘನ ಅಡಿ ಸುಮಾರು 28 ಲೀಟರ್. ಹಾಗಾಗಿ ನೀವು ನಿಂತ ಕಡೆ ಮೋಡವೇ ಇಲ್ಲದ ದಿನವೂ ನೀರು ಏರಬಹುದು, ಇಳಿಯಬಹುದು.

ಅಮೆರಿಕದ ಭೂವಿಜ್ಞಾನ ಸಮೀಕ್ಷೆ, ಅಂದರೆ ಯುಎಸ್‌ಜಿಎಸ್, ಸ್ಟೈಲ್ಸ್‌ವಿಲ್ ಮತ್ತು ಹೇಲ್ ಎಡ್ಡಿ ಎಂಬ ಎರಡು ಕಡೆ ಮಾಪಕ ಇಟ್ಟಿದೆ. ಅಂಕಿಗಳು ಇಂಟರ್ನೆಟ್‌ನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಎರಡನ್ನೂ ನೋಡಿ. ಸ್ಟೈಲ್ಸ್‌ವಿಲ್ ಅಣೆಕಟ್ಟಿನ ಹತ್ತಿರದ್ದು, ಗೇಟಿನಿಂದ ಎಷ್ಟು ನೀರು ಬಂತು ಅಂತ ಅದು ಹೇಳುತ್ತದೆ. ಹೇಲ್ ಎಡ್ಡಿ ಅದರ ಕೆಳಗೆ. ಎರಡರ ನಡುವೆ, ಡಿಪಾಸಿಟ್ ಊರಿನಲ್ಲಿ, ಒಕ್ವಾಗ ಕ್ರೀಕ್ ಎಂಬ ಹಳ್ಳ ಸೇರುತ್ತದೆ. ಹೇಲ್ ಎಡ್ಡಿಯ ಅಂಕಿ ಸ್ಟೈಲ್ಸ್‌ವಿಲ್‌ಗಿಂತ ತುಂಬಾ ಜಾಸ್ತಿ ಇದೆಯೆಂದರೆ ಹಳ್ಳ ತುಂಬಿ ಬರುತ್ತಿದೆ, ಬಗ್ಗಡ ನೀರು ತರುತ್ತಿರಬಹುದು. ಅಂಥ ದಿನ ಡಿಪಾಸಿಟ್‌ನಿಂದ ಮೇಲಕ್ಕೆ ಹೋದರೆ ತಿಳಿನೀರು ಸಿಗುವ ಸಾಧ್ಯತೆ ಜಾಸ್ತಿ.

ನೀರಿನಲ್ಲಿ ನಡೆದು ಮೀನು ಹಿಡಿಯಲು ಹೇಲ್ ಎಡ್ಡಿಯಲ್ಲಿ 500ರಿಂದ 800 ಸಿಎಫ್‌ಎಸ್ ಇದ್ದರೆ ನನಗೆ ಹಿತ. 1,000 ದಾಟಿದರೆ ನದಿ ದಾಟುವ ಯೋಚನೆ ಬಿಟ್ಟು ದಡದ ಅಂಚಿನಲ್ಲೇ ಇರುವುದು ವಾಸಿ. 1,500ರ ಮೇಲೆ ಅದು ದೋಣಿಯವರ ನದಿ. ಏಪ್ರಿಲ್‌ನಲ್ಲಿ ಹಿಮ ಕರಗಿ ಜಲಾಶಯ ತುಂಬಿ ತುಳುಕುವುದೂ ಉಂಟು, ಆಗ ಗೇಟಿನ ಲೆಕ್ಕವೇ ನಡೆಯುವುದಿಲ್ಲ.

ಹಂತ 2: ಯಾವ ಹುಳಕ್ಕೆ ಯಾವ ವಾರ

ವಸಂತದ ಇಡೀ ಆಟ ನಿಂತಿರುವುದು ಮೇಫ್ಲೈಗಳ ಮೇಲೆ. ವರ್ಷವಿಡೀ ಕಲ್ಲಿನ ಸಂದಿಯಲ್ಲಿ ನಿಂಫ್ (ರೆಕ್ಕೆಯಿಲ್ಲದ ಮರಿಹುಳ) ಆಗಿ ಬದುಕುವ ಈ ಹುಳ, ನೀರು ಸ್ವಲ್ಪ ಬೆಚ್ಚಗಾದಾಗ ಮೇಲೆ ಬಂದು, ಚರ್ಮ ಕಳಚಿ, ರೆಕ್ಕೆ ಬಿಡಿಸಿ ಹಾರುತ್ತದೆ. ಒಂದೇ ಜಾತಿಯವು ಒಟ್ಟೊಟ್ಟಿಗೆ ಏಳುವುದಕ್ಕೆ ಹ್ಯಾಚ್ ಅನ್ನುತ್ತಾರೆ.

ಮೊದಲು ಬರುವವು ಬ್ಲೂ ಕ್ವಿಲ್ ಮತ್ತು ಕ್ವಿಲ್ ಗಾರ್ಡನ್. ಬ್ಲೂ ಕ್ವಿಲ್ ಸಣ್ಣದು, 16-18 ನಂಬರ್ ಹುಕ್ (ನಂಬರ್ ಹೆಚ್ಚಿದಷ್ಟೂ ಹುಕ್ ಸಣ್ಣದು). ಕ್ವಿಲ್ ಗಾರ್ಡನ್ ದೊಡ್ಡದು, 12-14. ಇದರ ಫ್ಲೈಗೆ ಹೆಸರು ಕೊಟ್ಟ ಥಿಯೊಡೋರ್ ಗಾರ್ಡನ್ (1854–1915) ಇದೇ ಕ್ಯಾಟ್ಸ್‌ಕಿಲ್ ಬೆಟ್ಟಗಳ ಸೀಮೆಯಲ್ಲಿದ್ದುಕೊಂಡು ಅಮೆರಿಕದ ಡ್ರೈ ಫ್ಲೈಗೆ ದಾರಿ ಹಾಕಿದವರು. ಕ್ವಿಲ್ ಗಾರ್ಡನ್ ಹುಳಕ್ಕೆ ಒಂದು ವಿಶೇಷವಿದೆ. ಅದು ನದಿಯ ತಳದಲ್ಲೇ ಚರ್ಮ ಕಳಚಿ, ರೆಕ್ಕೆ ಸಮೇತ ಮೇಲಕ್ಕೆ ಬರುತ್ತದೆ. ಹಾಗಾಗಿ ಆ ಹೊತ್ತಿಗೆ ನೀರೊಳಗೆ ಮುಳುಗುವ ವೆಟ್ ಫ್ಲೈ ಚೆನ್ನಾಗಿ ನಡೆಯುತ್ತದೆ.

ಆಮೇಲೆ ಎಲ್ಲರೂ ಕಾಯುವ ಹೆಂಡ್ರಿಕ್ಸನ್. ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದ ತನಕ. ನೀರಿನ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಸೆಲ್ಸಿಯಸ್ ಮುಟ್ಟುವುದನ್ನು ಇದು ಕಾಯುತ್ತದೆ. ಅಣೆಕಟ್ಟಿನ ತಳದಿಂದ ಬರುವ ನೀರು ತಣ್ಣಗಿರುವುದರಿಂದ ಹ್ಯಾಚ್ ಮೊದಲು ಕೆಳಗಡೆ, ಹ್ಯಾನ್‌ಕಾಕ್ ಕಡೆ ಶುರುವಾಗಿ, ದಿನ ಕಳೆದಂತೆ ಮೇಲಕ್ಕೆ ಸರಿಯುತ್ತದೆ. ಕೆಳಗೆ ಮುಗಿಯಿತು ಅಂತ ವಾಪಸ್ ಹೊರಡುವ ಬದಲು ಕೆಲವು ಮೈಲಿ ಮೇಲೆ ಹೋಗಿ ನೋಡಿ, ಅಲ್ಲಿ ಆಗ ತಾನೇ ಶುರುವಾಗಿರಬಹುದು. ದಿನದ ಹೊತ್ತು ಹೆಚ್ಚಾಗಿ ಮಧ್ಯಾಹ್ನ 2ರಿಂದ 4. ಬೆಳಗ್ಗೆ ಐದಕ್ಕೆ ಎದ್ದು ಓಡುವ ಅಗತ್ಯ ಇಲ್ಲವೇ ಇಲ್ಲ.

ಒಂದು ಹುಳ ಹಿಡಿದು ಅಂಗೈ ಮೇಲೆ ಇಟ್ಟುಕೊಳ್ಳಿ. ಹೆಂಡ್ರಿಕ್ಸನ್‌ಗೆ ಬೂದು ಬಣ್ಣದ ರೆಕ್ಕೆ, ನೆಟ್ಟಗೆ ನಿಂತಿರುತ್ತದೆ. ಬಾಲದ ಎಳೆ ಮೂರು. ಕ್ವಿಲ್ ಗಾರ್ಡನ್‌ಗೆ ಎರಡೇ ಎಳೆ. ಈಗ ಹುಳವನ್ನು ಮೆಲ್ಲಗೆ ಮಗುಚಿ ಹೊಟ್ಟೆ ನೋಡಿ, ಯಾಕೆಂದರೆ ಮೀನು ನೋಡುವುದು ಅದನ್ನೇ. ಹೆಣ್ಣಿನ ಹೊಟ್ಟೆ ತಿಳಿ, ನಸುಗೆಂಪು ಮಿಶ್ರಿತ ಕಂದು. ಗಂಡು ಸ್ವಲ್ಪ ಚಿಕ್ಕದು, ಹೊಟ್ಟೆ ಕೆಂಪು-ಕಂದು, ಕಣ್ಣು ದೊಡ್ಡದು, ಇಟ್ಟಿಗೆಗೆಂಪು. ಗಂಡನ್ನು ಅನುಕರಿಸಲು ರೆಡ್ ಕ್ವಿಲ್ ಎಂಬ ಬೇರೆ ಫ್ಲೈಯೇ ಇದೆ. ಹೆಂಡ್ರಿಕ್ಸನ್ ಫ್ಲೈಯನ್ನು 1916ರಲ್ಲಿ ಕಟ್ಟಿದ್ದು ರಾಯ್ ಸ್ಟೀನ್‌ರಾಡ್, ತನ್ನ ಮೀನುಗಾರ ಗೆಳೆಯನ ಹೆಸರಿಟ್ಟು. 12-14 ನಂಬರ್ ಹುಕ್‌ನಲ್ಲಿ ಇಂದಿಗೂ ಅದು ಎಲ್ಲರ ಡಬ್ಬಿಯಲ್ಲಿ ಇರುತ್ತದೆ.

ಮೇ ತಿಂಗಳು ಬಂತೆಂದರೆ ಗುಡಾರದಂಥ ರೆಕ್ಕೆಯ, ಬಾಲವಿಲ್ಲದ ಕ್ಯಾಡಿಸ್ ಎಂಬ ಹುಳ, ಅದರಲ್ಲೂ ತಿಳಿಹಸಿರು ಮೈಯ ಆಪಲ್ ಕ್ಯಾಡಿಸ್, ಜತೆಗೆ ಸೇರುತ್ತದೆ. ತಿಂಗಳ ಕೊನೆಗೆ ಮಾರ್ಚ್ ಬ್ರೌನ್, ಸಲ್ಫರ್ ಎಂಬ ಮೇಫ್ಲೈಗಳು. ಮೋಡ ಕವಿದ ತುಂತುರು ದಿನ ಸಣ್ಣ ಬ್ಲೂ ವಿಂಗ್ಡ್ ಆಲಿವ್‌ಗಳು ಯಾವಾಗ ಬೇಕಾದರೂ ಬರಬಹುದು. 18-20 ನಂಬರಿನ ಕೆಲವು ಜೇಬಿನಲ್ಲಿರಲಿ.

ಹಂತ 3: ಸಾಮಾನು

ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 9 ಅಡಿಯ 5-ವೇಟ್ ರಾಡ್ (ವೇಟ್ ಅಂದರೆ ಲೈನಿನ ತೂಕದ ನಂಬರ್), ನೀರಿನ ಮೇಲೆ ತೇಲುವ ಲೈನ್, ನಯವಾದ ಬ್ರೇಕ್ ಇರುವ ರೀಲ್ ಸಾಕು. ಗಾಳಿ ಜೋರಿರುವ ಕಣಿವೆ ಇದು, ಹಾಗಾಗಿ ಕೆಲವರು 6-ವೇಟ್ ಇಷ್ಟಪಡುತ್ತಾರೆ.

ಗಮನ ಕೊಡಬೇಕಾದ್ದು ಲೀಡರ್‌ಗೆ, ಅಂದರೆ ದಪ್ಪ ಲೈನ್‌ಗೂ ಫ್ಲೈಗೂ ನಡುವಿನ ತೆಳು ದಾರಕ್ಕೆ. ಅಂಗಡಿಯ 9 ಅಡಿ ಲೀಡರ್ ಇಲ್ಲಿ ಮೋಟಾಯಿತು. 12ರಿಂದ 15 ಅಡಿ ಮಾಡಿಕೊಳ್ಳಿ, ಅದರಲ್ಲಿ ಕೊನೆಯ ಮೂರು-ನಾಲ್ಕು ಅಡಿ ಮೆತ್ತನೆಯ ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತೀರ ಸಣ್ಣ ಎಳೆ, ಇರಲಿ. ಹೆಂಡ್ರಿಕ್ಸನ್‌ಗೆ 5ಎಕ್ಸ್, ಸಣ್ಣ ಆಲಿವ್‌ಗೆ 6ಎಕ್ಸ್. ಎಕ್ಸ್ ಲೆಕ್ಕ ಸುಲಭ. 11ರಿಂದ ಆ ಅಂಕಿ ಕಳೆದರೆ ಎಳೆಯ ದಪ್ಪ ಇಂಚಿನ ಸಾವಿರ ಭಾಗಗಳಲ್ಲಿ ಸಿಗುತ್ತದೆ. 5ಎಕ್ಸ್ ಅಂದರೆ ಇಂಚಿನ ಸಾವಿರದಲ್ಲಿ ಆರು ಭಾಗ, ಸುಮಾರು 0.15 ಮಿಲಿಮೀಟರ್. ಟಿಪ್ಪೆಟ್ ಉದ್ದ ಇರಬೇಕು ಅನ್ನುವುದಕ್ಕೆ ಕಾರಣ, ಅದು ಸಡಿಲವಾಗಿ ಬಿದ್ದರೆ ಸೆಳವು ಆ ಸಡಿಲನ್ನು ಎಳೆದು ಮುಗಿಸುವ ತನಕ ಫ್ಲೈ ತನ್ನ ಪಾಡಿಗೆ ತೇಲುತ್ತದೆ.

ಫ್ಲೈ ಡಬ್ಬಿಯಲ್ಲಿ ಪ್ರತಿ ಹುಳಕ್ಕೂ ಮೂರು ಅವಸ್ಥೆ ಇರಲಿ: ಚರ್ಮ ಕಳಚುತ್ತಾ ನೀರಿನ ಮೈಗೆ ಅಂಟಿಕೊಂಡಿರುವ ಎಮರ್ಜರ್, ರೆಕ್ಕೆ ಬಿಚ್ಚಿ ನಿಂತ ಡನ್, ಮೊಟ್ಟೆಯಿಟ್ಟು ಸತ್ತು ಚಪ್ಪಟೆ ಬಿದ್ದ ಸ್ಪಿನ್ನರ್. ಡನ್‌ಗೆ ಕಂಪಾರಾಡನ್ ನನ್ನ ಮೊದಲ ಆಯ್ಕೆ. ಜಿಂಕೆ ಕೂದಲಿನ ರೆಕ್ಕೆ, ಕೆಳಗೆ ಹ್ಯಾಕಲ್ (ಸುತ್ತಿದ ಕೋಳಿ ಗರಿ) ಇಲ್ಲ, ಹಾಗಾಗಿ ಮೈ ನೀರಿಗೆ ತಾಗಿ ಕೂರುತ್ತದೆ, ನಿಜ ಹುಳದ ಹಾಗೆ.

ವೇಡರ್ (ನೀರಿಗೆ ಇಳಿಯಲು ತೊಡುವ, ನೀರು ಒಳಗಿಳಿಯದ ಉಡುಪು) ಒಳಗೆ ಬೆಚ್ಚನೆ ಬಟ್ಟೆ, ಸೊಂಟಕ್ಕೆ ಬಿಗಿಯಾದ ಬೆಲ್ಟ್, ಕೈಯಲ್ಲಿ ಊರುಗೋಲು. ಬೆಲ್ಟ್ ಇಲ್ಲದೆ ನೀರಿಗೆ ಇಳಿಯಲೇಬೇಡಿ. ಬಿದ್ದರೆ ವೇಡರ್ ತುಂಬುತ್ತದೆ. ಏಪ್ರಿಲ್ ನೀರಿನ ಚಳಿಗೆ ಕೈಕಾಲು ಬೇಗ ಮರಗಟ್ಟುತ್ತವೆ.

ಹಂತ 4: ಪರವಾನಗಿ, ದಾರಿ

16 ವರ್ಷ ತುಂಬಿದವರಿಗೆ ಪರವಾನಗಿ ಬೇಕೇ ಬೇಕು. ನದಿಯ ಮೇಲ್ಭಾಗ ಪೂರ್ತಿ ನ್ಯೂಯಾರ್ಕ್‌ನಲ್ಲಿದೆ, ಕೆಳಭಾಗ ನ್ಯೂಯಾರ್ಕ್ ಮತ್ತು ಪೆನ್ಸಿಲ್ವೇನಿಯಾ ನಡುವಿನ ಗಡಿ. ಗಡಿ ಭಾಗದ ನಿಯಮ ಬೇರೆ, ಒಳಭಾಗದ್ದು ಬೇರೆ, ಪೂರ್ತಿ ಹಿಡಿದು ಬಿಡಲೇಬೇಕಾದ ಜಾಗಗಳೂ ಇವೆ. ಆ ವರ್ಷದ ನಿಯಮ ಪುಸ್ತಕ ನೋಡಿಯೇ ಹೋಗಿ. ನ್ಯೂಯಾರ್ಕ್ ದಡ ಬಹಳಷ್ಟು ಖಾಸಗಿ. ಮೀನು ಹಿಡಿಯಲು ಸಾರ್ವಜನಿಕರಿಗೆ ಹಕ್ಕಿರುವ ಕಡೆ ಹಳದಿ ಫಲಕ ಹಾಕಿರುತ್ತಾರೆ. ಪೆನ್ಸಿಲ್ವೇನಿಯಾ ಕಡೆಯಿಂದ ಬಾಲ್ಸ್ ಎಡ್ಡಿ ಒಳ್ಳೆಯ ಇಳಿದಾಣ.

ಹಂತ 5: ಲೈನ್ ಬಿಚ್ಚುವ ಮುಂಚೆ ನೋಡಿ

ನದಿಗೆ ಬಂದ ತಕ್ಷಣ ನೀರಿಗೆ ಇಳಿಯಬೇಡಿ. ದೊಡ್ಡ ಬ್ರೌನ್ ಎಷ್ಟೋ ಸಲ ದಡದಿಂದ ಎರಡೇ ಅಡಿ ದೂರದಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಇರುತ್ತದೆ. ಜನ ಅದನ್ನು ತುಳಿದು ಓಡಿಸಿ ನಡುಹೊಳೆಗೆ ಕಾಸ್ಟ್ ಮಾಡುವುದನ್ನು (ಲೈನ್ ಬೀಸಿ ಫ್ಲೈ ಎಸೆಯುವುದನ್ನು) ನೋಡಿದರೆ ಸಂಕಟವಾಗುತ್ತದೆ. ದಡದಲ್ಲಿ ಕೂತು ನೊರೆಯ ಸಾಲು ನೋಡಿ. ನೊರೆ ಹೋಗುವ ದಾರಿಯಲ್ಲೇ ಹುಳ ಹೋಗುತ್ತದೆ, ಹುಳ ಹೋಗುವ ದಾರಿಯಲ್ಲೇ ಮೀನು ನಿಂತಿರುತ್ತದೆ.

ಮೀನು ಮೇಲೆ ಬಂದದ್ದು ಕಂಡರೆ, ಹೇಗೆ ಬಂತು ಅನ್ನುವುದು ಮುಖ್ಯ. ಮೂತಿ ಹೊರಗೆ ಬಂದು, ಆಮೇಲೆ ಒಂದು ಗುಳ್ಳೆ ಉಳಿದರೆ ಅದು ಮೇಲಿನ ಡನ್ ತಿಂದಿದೆ. ಹುಳದ ಜತೆ ಗಾಳಿಯೂ ಬಾಯಿಗೆ ಹೋಗಿ ಗುಳ್ಳೆಯಾಗಿ ಬಂತು. ಬೆನ್ನು, ಬಾಲ ಮಾತ್ರ ಕಂಡು ಗುಳ್ಳೆ ಇಲ್ಲದಿದ್ದರೆ ಅದು ನೀರಿನ ಮೈ ಕೆಳಗಿನ ಎಮರ್ಜರ್ ತಿನ್ನುತ್ತಿದೆ. ನೀರು ಸಿಡಿದರೆ ಹೆಚ್ಚಾಗಿ ಕ್ಯಾಡಿಸ್ ಬೆನ್ನಟ್ಟಿದೆ. ಸದ್ದಿಲ್ಲದೆ ಸಣ್ಣ ಬಳೆಯಂಥ ಉಂಗುರ ಮೂಡಿದರೆ ಸ್ಪಿನ್ನರ್. ಆ ಸಣ್ಣ ಉಂಗುರದ ಕೆಳಗೆ ಇರುವುದು ಸಣ್ಣ ಮೀನು ಅಂದುಕೊಳ್ಳಬೇಡಿ, ಬಹಳ ಸಲ ಅದೇ ಆ ಮಡುವಿನ ದೊಡ್ಡದು.

ಒಂದೇ ಮೀನನ್ನು ಆರಿಸಿ. ಅದು ಎಷ್ಟು ಸೆಕೆಂಡಿಗೊಮ್ಮೆ ಏಳುತ್ತದೆ ಅಂತ ಎಣಿಸಿ. ತಾಳ ಸಿಕ್ಕಿದ ಮೇಲೆ ಮುಂದಿನ ಹೆಜ್ಜೆ.

ಹಂತ 6: ಎಲ್ಲಿ ನಿಲ್ಲಬೇಕು

ಬೆಳಕು ನೀರಿಗೆ ಬೀಳುವಾಗ ಬಾಗುವುದರಿಂದ ಮೀನಿಗೆ ಮೇಲಿನ ಲೋಕ ಒಂದು ಗುಂಡನೆಯ ಕಿಟಕಿಯಲ್ಲಿ ಮಾತ್ರ ಕಾಣುತ್ತದೆ. ಆ ಕಿಟಕಿಯ ಅಗಲ ಮೀನಿರುವ ಆಳದ ಸುಮಾರು 2.3 ಪಟ್ಟು. ಎರಡು ಅಡಿ ಆಳದಲ್ಲಿದ್ದರೆ ನಾಲ್ಕೂವರೆ ಅಡಿ ಅಗಲ. ಹ್ಯಾಚ್ ಜೋರಾದಾಗ ಮೀನು ಮೇಲೆ ಬಂದು ಆರು ಇಂಚು ಆಳದಲ್ಲಿ ನಿಂತರೆ ಕಿಟಕಿ ಬರೀ 14 ಇಂಚು. ಅಂದರೆ ನಿಮ್ಮ ಫ್ಲೈ ಮೀನಿನ ಮೂತಿಯ ಆಚೀಚೆ ಏಳೇಳು ಇಂಚಿನೊಳಗೆ ಬರಬೇಕು. ಒಂದು ಅಡಿ ಆಚೆ ಹೋದರೆ ಅದು ರೆಕ್ಕೆ ಸಮೇತ ಕಣ್ಣಿಗೆ ಬೀಳುವುದೇ ಇಲ್ಲ. "ನನ್ನ ಫ್ಲೈ ಬೇಡವಂತೆ" ಅಂತ ಬಹಳ ಜನ ಅಂದುಕೊಳ್ಳುವುದು ಈ ಸಂದರ್ಭದಲ್ಲೇ.

ಇದೇ ಬೆಳಕಿನ ಲೆಕ್ಕದಿಂದ ಇನ್ನೊಂದು ಲಾಭವಿದೆ. ನೀರಿನ ಮಟ್ಟಕ್ಕೆ ಹತ್ತಿರ, ಸುಮಾರು 10 ಡಿಗ್ರಿ ಕೋನದ ಕೆಳಗೆ ಇರುವುದು ಮೀನಿಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಬಗ್ಗಿ, ಮೆಲ್ಲಗೆ ಹೋಗಿ.

ವೇಗದ ಹೊಳೆಗಳಲ್ಲಿ ಮೀನಿನ ಹಿಂದಿನಿಂದ, ಅಂದರೆ ಕೆಳಗಡೆಯಿಂದ ಮೇಲಕ್ಕೆ ಕಾಸ್ಟ್ ಮಾಡುವುದು ರೂಢಿ. ಇಲ್ಲಿನ ನಿಧಾನ ನೀರಿನಲ್ಲಿ ಹಾಗೆ ಮಾಡಿದರೆ ಲೀಡರ್ ಮೀನಿನ ತಲೆ ಮೇಲೆ ಬೀಳುತ್ತದೆ. ಮೀನಿಗಿಂತ ಮೇಲ್ಗಡೆ, ಸ್ವಲ್ಪ ಪಕ್ಕಕ್ಕೆ, 30-40 ಅಡಿ ದೂರದಲ್ಲಿ ನಿಂತು ಕೆಳಮುಖವಾಗಿ ಫ್ಲೈ ಕಳಿಸಿ. ಆಗ ಮೀನಿಗೆ ಮೊದಲು ಕಾಣುವುದು ಫ್ಲೈ, ದಾರ ಆಮೇಲೆ. ಆ ಜಾಗಕ್ಕೆ ಹೋಗಲು ದೊಡ್ಡ ಸುತ್ತು ಹಾಕಬೇಕಾದರೂ ಹಾಕಿ. ನಡೆಯುವಾಗ ಅಲೆ ಎಬ್ಬಿಸಬೇಡಿ. ಎಬ್ಬಿಸಿದರೆ ಮೀನು ಮತ್ತೆ ತಾಳಕ್ಕೆ ಬರುವ ತನಕ ಅಲ್ಲಾಡದೆ ನಿಲ್ಲಿ.

ಹಂತ 7: ಕಾಸ್ಟ್, ಡ್ರಿಫ್ಟ್, ಎಳೆತ

ಬೇಕಾದ್ದು ಒಂದೇ ಕಾಸ್ಟ್, ರೀಚ್ ಕಾಸ್ಟ್. ಮಾಡುವ ಬಗೆ ಹೀಗೆ. ಲೈನ್ ಗಾಳಿಯಲ್ಲಿ ಮುಂದಕ್ಕೆ ಬಿಚ್ಚಿಕೊಳ್ಳುತ್ತಿರುವಾಗಲೇ ರಾಡನ್ನು ತೋಳು ಚಾಚಿ ಮೇಲ್ಗಡೆಗೆ, ಅಂದರೆ ಸೆಳವು ಬರುವ ದಿಕ್ಕಿಗೆ, ಓರೆಯಾಗಿ ಇಳಿಸಿ. ಫ್ಲೈ ಗುರಿಯಿಟ್ಟ ಕಡೆಯೇ ಬೀಳುತ್ತದೆ, ಲೈನ್ ಮಾತ್ರ ಮೇಲ್ಗಡೆ ಬೀಳುತ್ತದೆ. ಫ್ಲೈ ಮೀನಿಗಿಂತ ಮೂರು-ನಾಲ್ಕು ಅಡಿ ಮೇಲ್ಗಡೆ ಬೀಳಲಿ. ಸಾಲು ತಪ್ಪಿದೆ ಅನಿಸಿದರೆ ರಾಡ್ ತುದಿ ಎತ್ತಿ ಫ್ಲೈಯನ್ನು ಅದೇ ಸಾಲಿಗೆ ಜಾರಿಸಿ ಬಿಡಿ, ಮೀನಿನ ಹತ್ತಿರ ಬರುವ ಮುಂಚೆ. ಆಮೇಲೆ ರಾಡನ್ನು ಫ್ಲೈ ಹಿಂದೆಯೇ ಕೆಳಕ್ಕೆ ತರುತ್ತಾ, ತುದಿ ಅಲ್ಲಾಡಿಸುತ್ತಾ ಲೈನ್ ಬಿಡುತ್ತಾ ಹೋಗಿ.

ಫ್ಲೈ ಸೆಳವಿಗಿಂತ ಒಂದು ಕೂದಲೆಳೆ ವೇಗವಾಗಿ ಅಥವಾ ನಿಧಾನವಾಗಿ ಹೋದರೂ ಅದು ಡ್ರ್ಯಾಗ್. ನಮ್ಮ ಕಣ್ಣಿಗೆ ಅದು ಕಾಣದೇ ಇರಬಹುದು, ಮೀನಿಗೆ ಗೊತ್ತಾಗುತ್ತದೆ. ಪಕ್ಕದ ನೊರೆಗುಳ್ಳೆಯನ್ನು ನೋಡಿ. ಗುಳ್ಳೆಯೂ ಫ್ಲೈಯೂ ಜತೆಜತೆಗೆ ಹೋಗುತ್ತಿದ್ದರೆ ಸರಿ. ಬೇರೆಯಾಗತೊಡಗಿದರೆ ಆ ಡ್ರಿಫ್ಟ್, ಅಂದರೆ ಫ್ಲೈಯ ಆ ತೇಲಾಟ, ಮುಗಿಯಿತು.

ಮೀನು ತೆಗೆದುಕೊಳ್ಳದಿದ್ದರೆ ಅಲ್ಲೇ ಎತ್ತಬೇಡಿ. ರಾಡನ್ನು ಪಕ್ಕಕ್ಕೆ ತಂದು, ಲೈನ್ ಮೀನಿನಿಂದ ದೂರ ಸರಿದ ಮೇಲೆ ಮೆಲ್ಲಗೆ ಎತ್ತಿ. ಒಳ್ಳೆಯ ಡ್ರಿಫ್ಟ್ ಎರಡು-ಮೂರು ಸಲ ಸಾಲಿನಲ್ಲೇ ಹೋಗಿಯೂ ಮೀನು ಬೇರೆ ಹುಳ ತಿನ್ನುತ್ತಿದ್ದರೆ, ಈಗ ಫ್ಲೈ ಬದಲಾಯಿಸಿ. ಮೊದಲು ಅವಸ್ಥೆ ಬದಲಾಯಿಸಿ: ಡನ್ ಇದ್ದರೆ ಎಮರ್ಜರ್. ಆಮೇಲೆ ಗಾತ್ರ. ಬಣ್ಣ ಕೊನೆಗೆ.

ಕಚ್ಚಿದಾಗ ತಡೆದುಕೊಳ್ಳುವುದೇ ಕಷ್ಟದ ಕೆಲಸ. ನೀವು ಮೇಲ್ಗಡೆ ಇದ್ದೀರಿ, ಮೀನಿನ ಬಾಯಿ ನಿಮ್ಮ ಕಡೆಗೇ ತೆರೆದಿದೆ. ತಕ್ಷಣ ಎಳೆದರೆ ಫ್ಲೈ ಬಾಯಿಂದ ಹೊರಗೆ ಬರುತ್ತದೆ ಅಷ್ಟೇ. ಮೂತಿ ನೀರೊಳಗೆ ಮುಳುಗಿ ಮೀನು ತಿರುಗುವ ತನಕ ಕಾದು, ರಾಡನ್ನು ಹಗುರವಾಗಿ ಎತ್ತಿ.

ಹ್ಯಾಚ್ ಇಲ್ಲದ ಹೊತ್ತಿನಲ್ಲಿ ಹರಿವು ಜೋರಿರುವ, ಮಡುವಿನ ತಲೆಭಾಗಗಳಲ್ಲಿ ಕಂದು ನಿಂಫ್ ಫ್ಲೈ ತಳಕ್ಕೆ ಬಿಟ್ಟು ನೋಡಬಹುದು. ಬಗ್ಗಡ ನೀರಿನ ದಿನ ಸ್ಟ್ರೀಮರ್, ಅಂದರೆ ಸಣ್ಣ ಮೀನಿನ ಹಾಗೆ ಕಾಣುವ ಫ್ಲೈ. ಎರಡೂ ನಡೆಯುತ್ತವೆ, ಆದರೂ ನನಗೆ ಈ ನದಿ ಅಂದರೆ ಡ್ರೈ ಫ್ಲೈಯೇ.

ಹಂತ 8: ಸಂಜೆಗೆ ಉಳಿಯಿರಿ

ನಾಲ್ಕು ಗಂಟೆಗೆ ಹ್ಯಾಚ್ ನಿಂತಿತು ಅಂತ ಎಲ್ಲರೂ ಹೊರಡುತ್ತಾರೆ. ಗಾಳಿ ನಿಂತು, ಸಂಜೆ ಬೆಚ್ಚಗಿದ್ದರೆ ಹೋಗಬೇಡಿ. ಹಿಂದೆ ಹಾರಿಹೋದ ಹುಳಗಳು ಮತ್ತೊಮ್ಮೆ ಚರ್ಮ ಕಳಚಿ, ಕೂಡಲು ನದಿಗೆ ವಾಪಸ್ ಬರುತ್ತವೆ. ನೀರು ಕುಣಿಯುವ ಕಡೆ ತಲೆಯೆತ್ತಿ ನೋಡಿ. ಮೇಲೆ ಮೋಡದ ಹಾಗೆ ಆಡುತ್ತಿರುತ್ತವೆ, ಹೆಣ್ಣುಗಳ ಬಾಲದ ತುದಿಯಲ್ಲಿ ಹಳದಿ ಮೊಟ್ಟೆಯ ಉಂಡೆ. ಮೊಟ್ಟೆಯಿಟ್ಟ ಮೇಲೆ ರೆಕ್ಕೆ ಚಾಚಿ ನೀರಿನ ಮೇಲೆ ಬೀಳುತ್ತವೆ. 14 ನಂಬರ್ ರಸ್ಟಿ ಸ್ಪಿನ್ನರ್ ಕಟ್ಟಿ, ಕುಣಿಯುವ ನೀರು ಮುಗಿದು ಮಡು ಶುರುವಾಗುವ ಕಡೆ ನಿಲ್ಲಿ. ಫ್ಲೈ ಕಾಣುವುದಿಲ್ಲ, ಹಾಗಾಗಿ ದೂರ ಕಡಿಮೆ ಮಾಡಿಕೊಳ್ಳಿ. ವಾಪಸ್ ದಡಕ್ಕೆ ಬರುವ ದಾರಿಯನ್ನು ಬೆಳಕಿರುವಾಗಲೇ ಗುರುತು ಮಾಡಿಟ್ಟುಕೊಳ್ಳಿ, ತಲೆಗೆ ಕಟ್ಟುವ ಟಾರ್ಚ್ ಜೇಬಿನಲ್ಲಿರಲಿ.

ಹಂತ 9: ಮೀನು ಬಿಡುವುದು, ಬೂಟು ತೊಳೆಯುವುದು

ಹುಕ್‌ನ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮೀನನ್ನು ಸುಮ್ನೆ ಆಡಿಸುತ್ತಾ ಸುಸ್ತು ಮಾಡಬೇಡಿ. ರಾಡನ್ನು ಪಕ್ಕಕ್ಕೆ ಬಾಗಿಸಿ ಒತ್ತಡ ಕೊಟ್ಟು ಬೇಗ ತನ್ನಿ. ರಬ್ಬರ್ ಬಲೆ ಬಳಸಿ. ಮುಟ್ಟುವ ಮುಂಚೆ ಕೈ ಒದ್ದೆ ಮಾಡಿ, ಒಣ ಕೈ ತಾಗಿದರೆ ಮೈ ಮೇಲಿನ ಲೋಳೆ ಕಿತ್ತು ಬರುತ್ತದೆ. ಫೋಟೋ ಬೇಕಾದರೆ ಕ್ಯಾಮೆರಾ ಸಿದ್ಧವಾಗುವ ತನಕ ಮೀನು ಬಲೆಯೊಳಗೆ, ನೀರಲ್ಲೇ ಇರಲಿ. ಬಿಡುವಾಗ ತಲೆ ಸೆಳವಿನ ಕಡೆಗಿರಲಿ, ತಾನಾಗಿ ಬಾಲ ಬಡಿದು ಹೋಗುವ ತನಕ ಹಿಡಿದಿರಿ. ಮೇ ಕೊನೆಯ ಸೆಕೆಯ ದಿನಗಳಲ್ಲಿ ಹ್ಯಾನ್‌ಕಾಕ್‌ನಿಂದ ಕೆಳಗಿನ ದೊಡ್ಡ ನದಿ ಬಿಸಿಯಾಗಬಹುದು. ನೀರು 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಸೆಲ್ಸಿಯಸ್ ಹತ್ತಿರ ಬಂತೆಂದರೆ ಅಲ್ಲಿ ನಿಲ್ಲಿಸಿ, ಅಣೆಕಟ್ಟಿನ ಕಡೆಯ ತಣ್ಣೀರಿಗೆ ಹೋಗಿ.

ಈ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಇದೆ. ಕಲ್ಲುಗಳ ಮೇಲೆ ಕಂದು ಉಣ್ಣೆಯ ಹೊದಿಕೆಯ ಹಾಗೆ ಬೆಳೆಯುತ್ತದೆ. ಬೂಟಿನ ಅಡಿಗೆ ಅಂಟಿದ ಒಂದು ಚೂರು ಸಾಕು ಇನ್ನೊಂದು ಹೊಳೆಗೆ ದಾಟಲು. ಹೊರಡುವ ಮುಂಚೆ ಬೂಟು, ವೇಡರ್, ಬಲೆ ಎಲ್ಲ ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಮರುದಿನವೇ ಬೇರೆ ನದಿಗೆ ಹೋಗುವುದಿದ್ದರೆ ಇನ್ನೊಂದು ಜೊತೆ ಬೂಟು ಇಟ್ಟುಕೊಳ್ಳುವುದು ಒಳ್ಳೆಯದು, ಯಾಕೆಂದರೆ ಒತ್ತಿದ ಉಣ್ಣೆಯಂಥ ದಪ್ಪ ಫೆಲ್ಟ್ ಅಡಿ ಒಂದು ರಾತ್ರಿಯಲ್ಲಿ ಒಣಗುವುದಿಲ್ಲ.